ಪ್ರೀಸೀಸನ್ ಸೋಲಿಗೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು?



ಜುಲೈ ಬಂತೆಂದರೆ ಫುಟ್‌ಬಾಲ್ ಹುಚ್ಚಿನವರಿಗೆ ಒಂದು ವಿಚಿತ್ರ ಸಂಕಟ. ಇಂಗ್ಲೆಂಡಿನ ಲೀಗ್ ಇನ್ನೂ ಶುರುವಾಗಿರುವುದಿಲ್ಲ. ಆದರೂ ಅಲಾರಂ ಇಟ್ಟು, ಬೆಳಗಿನ ಜಾವ ಎದ್ದು, ಅಮೆರಿಕದಲ್ಲೆಲ್ಲೋ ನಡೆಯುವ ಅಭ್ಯಾಸ ಪಂದ್ಯ ನೋಡುತ್ತೇವೆ. ನಮ್ಮ ತಂಡ ಸೋತರೆ ಮುಗಿಯಿತು. ಲೋಕಲ್ ಟ್ರೈನಿನಲ್ಲೂ ಅದೇ ಮಾತು, ಆಫೀಸ್ ಕ್ಯಾಂಟೀನಿನಲ್ಲೂ ಅದೇ ಗೊಣಗಾಟ: "ಈ ವರ್ಷವೂ ಅಷ್ಟೇ ಕಣೋ!"

ನಿಜಕ್ಕೂ ಅಷ್ಟೇನಾ?

2019ರ ಲಿವರ್‌ಪೂಲ್ ಕಥೆ ಕೇಳಿ. ಹಿಂದಿನ ಋತುವಿನಲ್ಲಿ 97 ಅಂಕ ಗಳಿಸಿಯೂ, ಒಂದೇ ಒಂದು ಅಂಕದಿಂದ ಲೀಗ್ ಪಟ್ಟ ಮ್ಯಾಂಚೆಸ್ಟರ್ ಸಿಟಿ ಪಾಲಾಗಿತ್ತು. 1990ರ ನಂತರ ಆ ಪಟ್ಟ ಲಿವರ್‌ಪೂಲಿಗೆ ದಕ್ಕಿರಲೇ ಇಲ್ಲ. ಅಂಥ ಹೊತ್ತಿನಲ್ಲಿ ಡಾರ್ಟ್‌ಮುಂಡ್ ಎದುರು 2–3, ಸೆವಿಯಾ ಎದುರು 1–2 ಸೋಲು. ಸ್ಪೋರ್ಟಿಂಗ್ ಜೊತೆ 2–2 ಡ್ರಾ. ಆಮೇಲೆ ಎಡಿನ್‌ಬರೋದಲ್ಲಿ ನಾಪೊಲಿ ಕೈಯಲ್ಲಿ 0–3! ದೊಡ್ಡ ಆಟಗಾರರನ್ನು ಯಾಕೆ ಕೊಳ್ಳಲಿಲ್ಲ ಎಂದು ಅಭಿಮಾನಿಗಳು ಕೋಚ್ ಯುರ್ಗನ್ ಕ್ಲಾಪ್ ಮೇಲೆ ಮುನಿಸಿಕೊಂಡರು.

ಆಮೇಲೇನಾಯಿತು? 2019–20ರಲ್ಲಿ ಅದೇ ತಂಡ 38 ಪಂದ್ಯಗಳಲ್ಲಿ ಮೂರನ್ನು ಮಾತ್ರ ಸೋತು, 99 ಅಂಕಗಳೊಂದಿಗೆ ಚಾಂಪಿಯನ್ ಆಯಿತು. 30 ವರ್ಷಗಳ ಕಾಯುವಿಕೆ ಮುಗಿಯಿತು.

ಕಾರಣ ಸರಳ. ಸಲಾ ಮತ್ತು ಮಾನೆ ಆಫ್ರಿಕಾ ಕಪ್‌ನಲ್ಲಿ, ಫಿರ್ಮಿನೊ ಮತ್ತು ಗೋಲಿ ಅಲಿಸನ್ ಕೋಪಾ ಅಮೆರಿಕಾದಲ್ಲಿ ಆಡಿ ರಜೆಯಲ್ಲಿದ್ದರು. ಸೋತದ್ದು ಅರ್ಧ ತಂಡ! ಅಲ್ಲದೆ ಈ ದಿನಗಳಲ್ಲಿ ಆಟಗಾರರಿಗೆ ದಿನಕ್ಕೆರಡು ಬಾರಿ ಕಸರತ್ತು, ಕಾಲು ಭಾರವಾಗಿರುತ್ತದೆ. ಅರ್ಧ ಆಟ ಮುಗಿದ ಮೇಲೆ ಹನ್ನೊಂದೂ ಜನರನ್ನು ಬದಲಿಸುವುದೂ ಉಂಟು. ಕೋಚ್‌ಗೆ ಬೇಕಿರುವುದು ಗೆಲುವಲ್ಲ, ಯಾರು ಎಲ್ಲಿ ಹೊಂದುತ್ತಾರೆ ಎಂಬ ಉತ್ತರ.

ಗೆದ್ದರೂ ಬೀಗಬೇಡಿ. 2014ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಮೆರಿಕ ಪ್ರವಾಸದಲ್ಲಿ ಎಲ್‌.ಎ. ಗ್ಯಾಲಕ್ಸಿಯನ್ನು 7–0 ಬಗ್ಗುಬಡಿದು, ರಿಯಲ್ ಮ್ಯಾಡ್ರಿಡ್ ಹಾಗೂ ಲಿವರ್‌ಪೂಲನ್ನೂ ಸೋಲಿಸಿತ್ತು. ಆದರೆ ಲೀಗಿನ ಮೊದಲ ಪಂದ್ಯದಲ್ಲೇ, ತವರು ಮೈದಾನದಲ್ಲಿ, ಸ್ವಾನ್ಸಿಗೆ 1–2 ಶರಣಾಯಿತು!

ಹಾಗಂತ ಎಲ್ಲ ಸೋಲನ್ನೂ ಕೊಡವಿಕೊಂಡು ಹೋಗುವಂತಿಲ್ಲ. 2022ರ ಜುಲೈನಲ್ಲಿ ಚೆಲ್ಸಿ ಆರ್ಸೆನಲ್‌ಗೆ 0–4 ಸೋತಾಗ ಕೋಚ್ ಥಾಮಸ್ ಟುಕಲ್ ಅವರೇ ತಂಡದ ಬಗ್ಗೆ ಬಹಿರಂಗವಾಗಿ ಬೇಸರ ತೋಡಿಕೊಂಡರು. ಸೆಪ್ಟೆಂಬರಿನಲ್ಲಿ ಅವರ ಕೆಲಸ ಹೋಯಿತು. ಚೆಲ್ಸಿ 12ನೇ ಸ್ಥಾನದಲ್ಲಿ ಋತು ಮುಗಿಸಿತು.

ವ್ಯತ್ಯಾಸ ಗುರುತಿಸುವುದು ಹೇಗೆ? ಸ್ಕೋರ್ ಬಿಟ್ಟು ಮೂರು ವಿಷಯ ನೋಡಿ. ಮೈದಾನದಲ್ಲಿದ್ದದ್ದು ಮುಖ್ಯ ತಂಡವೇ? ಒಂದೇ ತಪ್ಪು ಪಂದ್ಯದಿಂದ ಪಂದ್ಯಕ್ಕೆ ಮರುಕಳಿಸುತ್ತಿದೆಯೇ? ಸೋತ ಮೇಲೆ ಕೋಚ್ ಏನು ಹೇಳುತ್ತಿದ್ದಾರೆ? ಮೂರಕ್ಕೂ ಉತ್ತರ ಕೆಟ್ಟದಾಗಿದ್ದರೆ ಚಿಂತೆ ಮಾಡಿ. ಇಲ್ಲದಿದ್ದರೆ ಅಲಾರಂ ಆಫ್ ಮಾಡಿ, ಇನ್ನೊಂದು ಗಂಟೆ ಹಾಯಾಗಿ ನಿದ್ದೆ ಹೊಡೆಯಿರಿ. ಅಂಕಗಳ ಲೆಕ್ಕ ಶುರುವಾಗುವುದು ಆಗಸ್ಟ್‌ನಲ್ಲಿ!