ಎಫ್7 ಕಾಲಾಳಿಗೆ ಕಾವಲು ಯಾರು?

ಕ್ಲಬ್ ಟೂರ್ನಿಯಲ್ಲಿ ಹತ್ತಿಪ್ಪತ್ತು ನಡೆಗೇ ಮುಗಿದುಹೋಗುವ ಚೆಸ್ ಆಟಗಳ ಜಾಡು ಹಿಡಿದರೆ ಬಹಳ ಸಲ ಎಫ್7 ಮನೆಗೇ ಹೋಗಿ ಮುಟ್ಟುತ್ತೇವೆ. ಕಪ್ಪಿನ ಉಳಿದ ಕಾಲಾಳುಗಳ ಬೆನ್ನಿಗೆ ಆನೆಯೋ ಒಂಟೆಯೋ ರಾಣಿಯೋ ಇರುತ್ತದೆ. ಎಫ್7ಕ್ಕೆ ಮಾತ್ರ ರಾಜನೊಬ್ಬನೇ ಕಾವಲು.

ಇಟಾಲಿಯನ್ ಓಪನಿಂಗ್ ಕಣ್ಣಿಡುವುದು ಇಲ್ಲಿಗೇ. ಬಿಳಿ ಇ4, ಕಪ್ಪು ಇ5. ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ಕುದುರೆ ಸಿ6ಕ್ಕೆ. ಮೂರನೆಯದಾಗಿ ಬಿಳಿ ಒಂಟೆ ಸಿ4ಕ್ಕೆ. ಇದಕ್ಕೆ ಕಪ್ಪು ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ ಟೂ ನೈಟ್ಸ್ ಡಿಫೆನ್ಸ್. ಆಗ ಬಿಳಿ ಕುದುರೆ ಜಿ5ಕ್ಕೆ ಜಿಗಿಯುತ್ತದೆ. ಜರ್ಮನಿಯ ಸೀಗ್‌ಬರ್ಟ್ ಟಾರಾಶ್ ಈ ನಡೆಯನ್ನು ಹೀಗಳೆದಿದ್ದರು. ಅವರು ಏನೇ ಅನ್ನಲಿ, ಎಫ್7ರ ಮೇಲೆ ಈಗ ಎರಡು ಕಾಯಿಗಳ ದಾಳಿ ಇದೆ.

ಕಪ್ಪು ಸಾಮಾನ್ಯವಾಗಿ ಡಿ5 ತಳ್ಳಿ ಒಂಟೆಯ ದಾರಿ ಮುಚ್ಚುತ್ತದೆ, ಬಿಳಿ ಕಾಲಾಳು ಅದನ್ನು ಹೊಡೆಯುತ್ತದೆ. ಎಡವುವುದು ಇಲ್ಲೇ. ಕುದುರೆಯಿಂದ ತಿರುಗಿ ಹೊಡೆಯಲು ಕೈ ತಾನಾಗಿ ಹೋಗುತ್ತದೆ. ಹೊಡೆದದ್ದೇ ತಡ, ಬಿಳಿ ಕುದುರೆ ಎಫ್7 ಕಾಲಾಳನ್ನು ಕಬಳಿಸುತ್ತದೆ. ರಾಣಿ, ಆನೆ ಎರಡಕ್ಕೂ ಕುತ್ತು ಬಂದದ್ದರಿಂದ ರಾಜನೇ ಅದನ್ನು ಹೊಡೆಯಬೇಕು. ಬಿಳಿ ರಾಣಿ ಎಫ್3ಕ್ಕೆ ಬಂದು ಚೆಕ್ ಕೊಡುತ್ತದೆ. ಡಿ5ರ ಕುದುರೆ ಉಳಿಯಬೇಕಾದರೆ ರಾಜ ಇ6ಕ್ಕೆ, ಅಂದರೆ ಸಂತೆಯ ನಟ್ಟನಡುವೆ ಬಂದು ನಿಲ್ಲಬೇಕು. ಬಿಳಿಯ ಎರಡನೇ ಕುದುರೆ ಸಿ3ಕ್ಕೆ ಬಂದರೆ ಡಿ5ರ ಮೇಲೆ ಮೂರು ಕಾಯಿಗಳ ಒತ್ತಡ. ಇದೇ ಫ್ರೈಡ್ ಲಿವರ್ ದಾಳಿ. ಸುಮಾರು ನಾನೂರು ವರ್ಷಗಳ ಹಿಂದೆಯೇ ಇಟಲಿಯ ಪೊಲೆರಿಯೊ ಇದನ್ನು ಆಡಿದ ದಾಖಲೆಯಿದೆ. ಕುದುರೆ ಬಲಿಕೊಟ್ಟರೂ ಮೇಲುಗೈ ಬಿಳಿಯದೇ. ಗಡಿಯಾರ ಓಡುತ್ತಿರುವಾಗ ಆ ರಾಜನನ್ನು ಕಾಪಾಡುವುದು ಯಾರಿಗೂ ಸುಲಭವಲ್ಲ.

ಮದ್ದು ಇದೆ. ಐದನೇ ನಡೆಯಲ್ಲಿ ಡಿ5ರ ಆಸೆ ಬಿಟ್ಟು ಸಿ6ರ ಕುದುರೆಯನ್ನು ಎ5ಕ್ಕೆ ಒಯ್ದು ಬಿಳಿ ಒಂಟೆಯನ್ನು ಕೆಣಕಬೇಕು. (ಅಂಚಿಗೆ ಹೋದ ಕುದುರೆ ದಂಡ ಎನ್ನುವವರು ಸ್ವಲ್ಪ ತಡೆದುಕೊಳ್ಳಿ.) ಒಂಟೆ ಬಿ5ಕ್ಕೆ ಬಂದು ಚೆಕ್, ಕಪ್ಪು ಸಿ6 ತಳ್ಳುತ್ತದೆ, ಬಿಳಿ ಹೊಡೆದರೆ ಬಿ7ರ ಕಾಲಾಳು ತಿರುಗಿ ಹೊಡೆಯುತ್ತದೆ. ಕಪ್ಪಿಗೆ ಒಂದು ಕಾಲಾಳು ನಷ್ಟ, ನಿಜ. ಆದರೆ ಬಿಳಿ ಒಂಟೆ ಹಿಂದೆ ಸರಿಯಬೇಕು, ಎಚ್6 ತಳ್ಳಿದರೆ ಕುದುರೆಯೂ ಸರಿಯಬೇಕು. ಅಷ್ಟು ಹೊತ್ತಿಗೆ ಕಪ್ಪು ಕಾಯಿಗಳು ಹೊರಬಂದಿರುತ್ತವೆ. 1963ರಲ್ಲಿ ಬಾಬಿ ಫಿಷರ್ ಬಿಸ್‌ಗಾಯರ್ ವಿರುದ್ಧ ಆ ಕುದುರೆಯನ್ನು ಅಂಚಿನ ಎಚ್3ಕ್ಕೇ ಸರಿಸಿ, ಸ್ಟೈನಿಟ್ಜ್ ಕಾಲದ ಹಳೇ ನಡೆಯಿಂದಲೇ ಗೆದ್ದರು. ನಮ್ಮ ಮಟ್ಟದಲ್ಲಿ ಕಪ್ಪು ಆಡುವುದೇ ಹಿತ ಎಂಬುದು ನನ್ನ ಅಭಿಪ್ರಾಯ.

ಇಷ್ಟು ಗೊಡವೆಯೇ ಬೇಡವೆನ್ನುವವರು ಮೂರನೇ ನಡೆಯಲ್ಲಿ ಒಂಟೆಯನ್ನು ಸಿ5ಕ್ಕೆ ಆಡಿ. ಆಗ ಬಿಳಿ ಕುದುರೆ ಜಿ5ಕ್ಕೆ ಜಿಗಿದರೆ ಕಪ್ಪು ರಾಣಿ ಅದನ್ನು ಪುಕ್ಕಟೆಯಾಗಿ ಹೊಡೆಯುತ್ತದೆ.