ಅಪ್ಪನ ವಯಸ್ಸಿಗೂ ಲೆಕ್ಕವಿದೆ

‘ನಮ್ಮ ಸೋದರಮಾವನಿಗೆ 51. ಎರಡನೇ ಮದುವೆಯಾಗಿ ವರ್ಷವಾಯಿತು, ಇನ್ನೂ ಮಗುವಾಗಿಲ್ಲ. ಅತ್ತೆಯನ್ನು ಒಬ್ಬೊಬ್ಬ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದಾರೆ. ಮಾವನ ಮಾತೆತ್ತಿದರೆ ಮನೆಯ ಹಿರಿಯರು, ಗಂಡಸಿಗೆಂಥ ವಯಸ್ಸು ಅನ್ನುತ್ತಾರೆ. ನಿಜವೇ?’ ಅರಸೀಕೆರೆ ಕಡೆಯ ಓದುಗರೊಬ್ಬರ ಪ್ರಶ್ನೆ.

ಹಿರಿಯರ ಮಾತು ಅರ್ಧ ನಿಜ. ಚಾರ್ಲಿ ಚಾಪ್ಲಿನ್‌ನ ಕೊನೆಯ ಮಗ ಹುಟ್ಟಿದ್ದು 1962ರಲ್ಲಿ. ಆಗ ಅಪ್ಪನಿಗೆ 73. ಹೆಣ್ಣುಮಗುವಿನ ಅಂಡಾಣುಗಳೆಲ್ಲ ಅದು ಹುಟ್ಟುವ ಮೊದಲೇ ತಯಾರಾಗಿರುತ್ತವೆ, ಆಮೇಲೆ ಬರೀ ಖರ್ಚು. ಗಂಡಿನಲ್ಲಾದರೆ ಹರೆಯ ಬಂದಲ್ಲಿಂದ ವೃಷಣದ ಕಾಂಡಕೋಶಗಳು ಒಡೆಯುತ್ತಲೇ ಇರುತ್ತವೆ, ದಿನಕ್ಕೆ ಕೋಟಿಗಟ್ಟಲೆ ವೀರ್ಯಾಣು ಹುಟ್ಟುತ್ತವೆ. ಮುಟ್ಟು ನಿಲ್ಲುವಂಥ ಗೆರೆ ಗಂಡಿಗಿಲ್ಲ. ಇಳಿತ ಮಾತ್ರ ಇದ್ದೇ ಇದೆ: ವೀರ್ಯದ ಪ್ರಮಾಣ ತಗ್ಗುತ್ತದೆ, ಚುರುಕಾಗಿ ಈಜುವ ವೀರ್ಯಾಣುಗಳು ಕಡಿಮೆಯಾಗುತ್ತವೆ, ಬಸಿರು ನಿಲ್ಲಲು ಹೆಚ್ಚು ತಿಂಗಳು ಹಿಡಿಯುತ್ತದೆ. ಕೃತಕ ಗರ್ಭಧಾರಣೆಗೆ ನಮ್ಮ ದೇಶದ 2021ರ ಕಾನೂನು ಗಂಡಸಿಗೂ 55ರ ಮಿತಿ ಹಾಕಿದೆ.

ಇಷ್ಟನ್ನು ನಿಮ್ಮೂರ ಡಾಕ್ಟರೇ ಹೇಳಿಯಾರು. ನನಗೆ ಮೋಜೆನಿಸುವುದು ಇದರಾಚೆಯ ಸಂಗತಿ.

ಅಕಾಂಡ್ರೋಪ್ಲೇಸಿಯಾ ಎಂಬ ಒಂದು ಸ್ಥಿತಿಯಿದೆ. ಕೈಕಾಲಿನ ಮೂಳೆಗಳು ಉದ್ದಕ್ಕೆ ಬೆಳೆಯದೆ ಆಳು ಗಿಡ್ಡವಾಗಿ ಉಳಿಯುತ್ತದೆ. ಇಂಥ ಮಕ್ಕಳಲ್ಲಿ ಹೆಚ್ಚಿನವರ ತಂದೆತಾಯಿ ಸಾಧಾರಣ ಎತ್ತರದವರೇ. ಈ ಮಕ್ಕಳು ಒಡಹುಟ್ಟಿದವರಲ್ಲಿ ಕೊನೆಯವರಾಗಿರುವುದೇ ಜಾಸ್ತಿ ಎಂದು ಜರ್ಮನಿಯ ವೈದ್ಯ ವಿಲ್ಹೆಲ್ಮ್ ವೈನ್‌ಬರ್ಗ್ 1912ರಲ್ಲೇ ಗಮನಿಸಿದ್ದರು. ಡಿಎನ್‌ಎ ಹೇಗಿರುತ್ತದೆಂದು ಯಾರೂ ಕಂಡಿರದ ಕಾಲ ಅದು. ಹಿಮೋಫಿಲಿಯಾ ಇದ್ದ ಮನೆತನಗಳ ಲೆಕ್ಕ ಹಾಕಿದ ಜೆ.ಬಿ.ಎಸ್. ಹಾಲ್ಡೇನ್, ಜೀನುಗಳಲ್ಲಿ ಹೊಸ ತಪ್ಪುಗಳು ತಾಯಿಗಿಂತ ತಂದೆಯ ಕಡೆಯಿಂದಲೇ ಹೆಚ್ಚು ಬರುತ್ತವೆ ಎಂದು 1947ರಲ್ಲಿ ಹೇಳಿದರು. (ಈ ಇಂಗ್ಲಿಷ್ ಮಹಾಶಯ ಮುಂದೆ ಭಾರತದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.)

ಕಾಂಡಕೋಶ ವರ್ಷಕ್ಕೆ ಸುಮಾರು 23 ಸಲ ಒಡೆಯುತ್ತದೆ, ಒಡೆದಾಗಲೆಲ್ಲ ಇಡೀ ಡಿಎನ್‌ಎ ನಕಲಾಗಬೇಕು. ಇಪ್ಪತ್ತರ ಹುಡುಗನ ವೀರ್ಯಾಣು ಸುಮಾರು 150 ನಕಲು ದಾಟಿ ಬಂದದ್ದಾದರೆ, ಐವತ್ತರವನದು 840. ಐಸ್‌ಲ್ಯಾಂಡಿನಲ್ಲಿ ಅಪ್ಪ, ಅಮ್ಮ, ಮಗು ಮೂವರ ಡಿಎನ್‌ಎಯನ್ನೂ ಓದಿದವರು 2012ರಲ್ಲಿ ಲೆಕ್ಕ ಕೊಟ್ಟರು: ಅಪ್ಪನ ವಯಸ್ಸಿನ ಪ್ರತಿ ವರ್ಷಕ್ಕೂ ಮಗುವಿನಲ್ಲಿ ಸುಮಾರು ಎರಡು ಹೊಸ ತಪ್ಪು. ಇವುಗಳಲ್ಲಿ ಬಹುತೇಕ ನಿರುಪದ್ರವಿ.

ಆದರೂ ಅಕಾಂಡ್ರೋಪ್ಲೇಸಿಯಾದ ಲೆಕ್ಕ ತಾಳೆಯಾಗುವುದಿಲ್ಲ. ಅದು ಬರುವುದು ಹೆಚ್ಚುಕಡಿಮೆ ಯಾವಾಗಲೂ ಒಂದೇ ಜೀನಿನ ಒಂದೇ ಅಕ್ಷರ ತಪ್ಪಿದಾಗ. ಮುನ್ನೂರು ಕೋಟಿ ಅಕ್ಷರಗಳಲ್ಲಿ ಅದೊಂದೇ ಯಾಕೆ ಇಷ್ಟು ಸಲ ತಪ್ಪಬೇಕು? ನಕಲಿನ ತಪ್ಪಷ್ಟೇ ಆದರೆ ಅದು ಇನ್ನೂ ನೂರಾರು ಪಟ್ಟು ಅಪರೂಪವಾಗಿರಬೇಕಿತ್ತು. ತಲೆಬುರುಡೆಯ ಮೂಳೆಗಳು ಬೇಗ ಬೆಸೆದುಕೊಳ್ಳುವ ಏಪರ್ಟ್ ಸಿಂಡ್ರೋಮ್‌ನದೂ ಇದೇ ಒಗಟು.

ಕ್ಯಾಲಿಫೋರ್ನಿಯಾದ ನಾರ್ಮನ್ ಆರ್ನ್‌ಹೈಮ್ ತಂಡ ಇದಕ್ಕೆ ಹೂಡಿದ ಉಪಾಯ ನೋಡಿ. ಸತ್ತವರ ದೇಹದಿಂದ ವೃಷಣ ಪಡೆದು ಆರು ಹೋಳು ಮಾಡಿದರು. ಒಂದೊಂದು ಹೋಳನ್ನೂ 32 ಚೂರು ಮಾಡಿದರು. ಹೀಗೆ 192 ಚೂರುಗಳಲ್ಲಿ ಒಂದೊಂದರಲ್ಲೂ ಏಪರ್ಟ್ ತಪ್ಪು ಎಷ್ಟಿದೆ ಎಂದು ಎಣಿಸಿದರು. ಆ ಅಕ್ಷರವೇ ದುರ್ಬಲವಾಗಿದ್ದರೆ ತಪ್ಪು ಎಲ್ಲ ಚೂರುಗಳಲ್ಲೂ ಹೆಚ್ಚುಕಡಿಮೆ ಸಮನಾಗಿ ಸಿಗಬೇಕು. ಸಿಕ್ಕಿದ್ದೇ ಬೇರೆ. ಬಹುಪಾಲು ಚೂರುಗಳಲ್ಲಿ ತಪ್ಪು ಇಲ್ಲವೆನ್ನುವಷ್ಟು ಕಡಿಮೆ. ಬೆರಳೆಣಿಕೆಯ ಕೆಲವು ಚೂರುಗಳಲ್ಲಿ ರಾಶಿರಾಶಿ!

ಅಂದರೆ ತಪ್ಪಾದದ್ದು ಅಪರೂಪಕ್ಕೆ, ಯಾವುದೋ ಒಂದು ಕಾಂಡಕೋಶದಲ್ಲಿ. ಆ ತಪ್ಪಿನಿಂದ ಕೋಶಕ್ಕೇ ಲಾಭವಾಯಿತು, ಅಕ್ಕಪಕ್ಕದ ಕೋಶಗಳಿಗಿಂತ ಹೆಚ್ಚು ಸಂತಾನ ಮಾಡಿಕೊಂಡಿತು. ಹೊಲದ ಬದುವಿಗೆ ಬಿದ್ದ ಕಾಂಗ್ರೆಸ್ ಗಿಡದಂತೆ ವರ್ಷದಿಂದ ವರ್ಷಕ್ಕೆ ಹಬ್ಬಿತು. ತಪ್ಪಿರುವ ಜೀನಿನಿಂದ ಹೊರಡುವ ಅತಿಯಾದ ಸಂಕೇತ ಮಗುವಿನ ಮೂಳೆಯಲ್ಲಿ ಬೆಳವಣಿಗೆಯನ್ನು ಹದಗೆಡಿಸುತ್ತದೆ, ಅದೇ ಸಂಕೇತ ಅಪ್ಪನ ವೃಷಣದೊಳಗೆ ಕೋಶವನ್ನು ಬಲಿಷ್ಠ ಮಾಡುತ್ತದೆ. ವಿಕಾಸವಾದ ಓದಿ ಬೆಳೆದ ನನಗೂ ಇದನ್ನು ಮೊದಲು ಓದಿದಾಗ ಮೈ ಜುಮ್ಮೆಂದಿತ್ತು: ನಮ್ಮೊಳಗೇ, ನಮಗೆ ತಿಳಿಯದೆ, ನಮ್ಮ ಮಕ್ಕಳ ಹಿತಕ್ಕೆ ವಿರುದ್ಧವಾಗಿ ಡಾರ್ವಿನ್ನನ ಆಟ ನಡೆಯುತ್ತಿರುತ್ತದೆ.

ಇಂಥ ಜೀನುಗಳು ಒಂದೆರಡಲ್ಲ, ಸುಮಾರು ನಲವತ್ತು ಎಂದು ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ಸಂಶೋಧಕರು 2025ರಲ್ಲಿ ತೋರಿಸಿದ್ದಾರೆ. ರೋಗ ತರಬಲ್ಲ ತಪ್ಪಿರುವ ವೀರ್ಯಾಣುಗಳು ಮೂವತ್ತರ ಆಸುಪಾಸಿನಲ್ಲಿ ಶೇ 2ರಷ್ಟಿದ್ದರೆ ಎಪ್ಪತ್ತರಲ್ಲಿ ಶೇ 4.5ರಷ್ಟು. ಮಾವನವರು ಗಾಬರಿಯಾಗಬೇಕಿಲ್ಲ. ಅಂಥ ಎಲ್ಲ ವೀರ್ಯಾಣುಗಳಿಂದಲೂ ಮಗು ಹುಟ್ಟುವುದಿಲ್ಲ. ಅಕಾಂಡ್ರೋಪ್ಲೇಸಿಯಾ ಕಾಣುವುದೇ ಇಪ್ಪತ್ತೈದು ಸಾವಿರ ಹೆರಿಗೆಗೆ ಒಂದರಂತೆ.

ಗಾಬರಿ ಹುಟ್ಟಿಸುವವರು ಬೇರೆ ಇದ್ದಾರೆ. ಬಸ್‌ಸ್ಟ್ಯಾಂಡಿನ ಶೌಚಾಲಯದ ಗೋಡೆ ನೋಡಿ. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಎಂದು ಹೆದರಿಸಿ ಲೇಹ್ಯ ಮಾರುತ್ತಾರೆ. ಅಪ್ಪಟ ಸುಳ್ಳು. ವೀರ್ಯದ ಬಹುಪಾಲು ಪ್ರೋಸ್ಟೇಟ್ ಮತ್ತು ಅದರ ನೆರೆಯ ಗ್ರಂಥಿಗಳ ದ್ರವ, ವೀರ್ಯಾಣುಗಳ ಪಾಲು ಶೇ 5ನ್ನೂ ದಾಟುವುದಿಲ್ಲ. ಕೂಡಿಟ್ಟರೆ ಬಲ ಬರುತ್ತದೆಂಬುದೂ ತಪ್ಪು. ಹೆಚ್ಚು ದಿನ ಉಳಿದ ವೀರ್ಯಾಣುಗಳ ಚುರುಕು ತಗ್ಗುತ್ತದೆ. ಇದಕ್ಕಿಂತ ಸಿಟ್ಟು ಬರುವುದು ಹೆಂಡತಿಯನ್ನು ಅಶ್ವತ್ಥಕಟ್ಟೆ ಸುತ್ತಿಸಿ, ನಾಗಪ್ರತಿಷ್ಠೆ ಮಾಡಿಸಿ, ಸ್ಕ್ಯಾನಿಂಗಿನ ಮೇಲೆ ಸ್ಕ್ಯಾನಿಂಗ್ ಮಾಡಿಸಿ, ಕೆಲವು ನೂರು ರೂಪಾಯಿಯ ವೀರ್ಯಪರೀಕ್ಷೆಗೆ ಮಾತ್ರ ಗಂಡ ಒಲ್ಲೆ ಎಂದಾಗ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ.

ಪರೀಕ್ಷೆಗೆ ಹೋಗುವವರಿಗೆ ಒಂದು ಮಾತು. ವೀರ್ಯಾಣು ರೂಪುಗೊಳ್ಳಲು ಸುಮಾರು 64 ದಿನ ಬೇಕು, ಹೊರಬರುವ ಹಾದಿಯಲ್ಲಿ ಇನ್ನೂ ಒಂದೆರಡು ವಾರ. ಆದ್ದರಿಂದ ಬೀಡಿ, ಗುಟ್ಕಾ ಬಿಟ್ಟವರಿಗೆ ಫಲ ಕಾಣುವುದು ಮೂರು ತಿಂಗಳಾದ ಮೇಲೆ. ಎರಡು ತಿಂಗಳ ಹಿಂದೆ ಡೆಂಗಿಯಂಥ ಜೋರು ಜ್ವರ ಬಂದಿದ್ದರೆ ವರದಿಯಲ್ಲಿ ಎಣಿಕೆ ಕುಸಿದಿರಬಹುದು. ಅದನ್ನು ವಯಸ್ಸಿನ ತಲೆಗೆ ಕಟ್ಟದೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಲ್ಯಾಬಿನವರು ಜ್ವರದ ವಿಷಯ ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ.