ದೀರ್ಘಕಾಲ ನಿಲ್ಲುವ ಕಾರು: ಎಂಜಿನ್ ಆರೈಕೆ ಹೇಗೆ?

ತಾಯ್ನಾಡಿಗೋ, ವಿದೇಶದಲ್ಲಿರುವ ಮಕ್ಕಳ ಬಳಿಗೋ ನಾಲ್ಕಾರು ತಿಂಗಳು ತೆರಳುವ ಮುಂಬಯಿ ಕನ್ನಡಿಗರಾದ ನಾವು ಮನೆಯನ್ನು ಜೋಪಾನ ಮಾಡುತ್ತೇವೆ. ಕಾರನ್ನು ಸೊಸೈಟಿಯ ಅಂಗಳದಲ್ಲಿ ಹಾಗೆಯೇ ಬಿಟ್ಟು ಹೋಗುತ್ತೇವೆ. ಓಡದ ಎಂಜಿನ್ ಸವೆಯದು, ಆದರೆ ಕೆಡುತ್ತದೆ ಎಂಬುದನ್ನು 2020ರ ಲಾಕ್‌ಡೌನ್ ನಮಗೆ ಕಲಿಸಿತು. ಕಡಲತೀರದ ಈ ನಗರದಲ್ಲಿ ತೇವಾಂಶವೇ ಅದರ ಮೊದಲ ವೈರಿ.

ಬಳಸಿದ ಎಂಜಿನ್ ಆಯಿಲ್‌ನಲ್ಲಿ ಸೇರಿರುವ ಆಮ್ಲ ಹಾಗೂ ನೀರಿನಂಶ ಒಳಗಿನ ಲೋಹವನ್ನು ತಿನ್ನುತ್ತವೆ. ಆದ್ದರಿಂದ ಮರಳಿದ ಬಳಿಕವಲ್ಲ, ಹೊರಡುವ ಮುನ್ನವೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ ನಿಲ್ಲಿಸಬೇಕು. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಬೆರೆತಿರುವ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ಗಾಳಿಗೆ ಎಡೆ ಕಡಿಮೆ. ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಿಡಬೇಕು. ಹ್ಯಾಂಡ್‌ಬ್ರೇಕ್ ಅಂಟಿಕೊಳ್ಳುವುದರಿಂದ ಅದನ್ನು ಎಳೆಯದೆ, ಕಾರನ್ನು ಗೇರಿನಲ್ಲಿಟ್ಟು ಚಕ್ರಗಳಿಗೆ ಇಟ್ಟಿಗೆ ಕೊಡುವುದು ಲೇಸು.

ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡುವಂತೆ ಕಾವಲುಗಾರನಿಗೆ ಕೀಲಿಕೈ ಕೊಟ್ಟು ಹೋಗುವ ರೂಢಿಯಿದೆ. ಅದು ಹಿತವಲ್ಲ. ಅರೆಬಿಸಿಯಾದ ಎಂಜಿನ್‌ನಲ್ಲಿ ನೀರಾವಿ ಹೊರಹೋಗದೆ ಹನಿಗಟ್ಟುತ್ತದೆ.

ಮಳೆಗಾಲದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ನಾವು ಮರೆಯಲಾರೆವು. ಕಾರನ್ನು ಎತ್ತರದ ಜಾಗದಲ್ಲೇ ನಿಲ್ಲಿಸಬೇಕು. ನೆರೆನೀರು ಹೊಕ್ಕ ಎಂಜಿನ್‌ ಅನ್ನು ಚಾಲೂ ಮಾಡಲೇಬಾರದು. ನೀರು ಗಾಳಿಯಂತೆ ಕುಗ್ಗದ ಕಾರಣ ಕನೆಕ್ಟಿಂಗ್ ರಾಡ್ ಬಾಗಿಬಿಡಬಹುದು. ಅಂಥ ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕೆಂದು, ಕೀಲಿಕೈ ಇಟ್ಟುಕೊಂಡವರಿಗೆ ಹೊರಡುವ ಮುನ್ನವೇ ತಿಳಿಸಿರೋಣ.